ಮರಿಯಾನೆಯ ಹಾಲುಹಲ್ಲು

ರಾಣೆಬೆನ್ನೂರಿನ ಬಜಾರದಲ್ಲಿ ಹಲ್ಲು ಕಟ್ಟುವ ಇಸಾಕಸಾಬರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಬಾಯಿ ನೆನಪಿರುತ್ತದೆ. ನಮಸ್ಕಾರ ಎಂದವರಿಗೂ ‘ಬಾಯಿ ತಗೀರಿ’ ಎನ್ನುತ್ತಾರೆ; ಸವೆತ ನೋಡಿ ವಯಸ್ಸು ಹೇಳುತ್ತಾರೆ, ಹಲ್ಲು ಕಡಿದ ಗುರುತಿನಿಂದ ಸೊಸೆಯ ಮೇಲಿನ ಸಿಟ್ಟನ್ನೂ ಕಂಡುಹಿಡಿಯುತ್ತಾರೆ. ಅವರ ಮೇಜಿನ ಮೇಲೆ ಐರಣಿಯ ಹೊಳೆದಂಡೆಯಲ್ಲಿ ಸಿಕ್ಕ, ಕಲ್ಲಾಗಿಹೋದ ದವಡೆಯ ತುಂಡೊಂದಿದೆ. ಅದು ಎಂದೋ ನಿರ್ವಂಶವಾದ ಆನೆಯ ಜಾತಿಯದೆಂದು ಕಾಲೇಜಿನವರು ಹೇಳಿದ್ದರು. ಗಿರಾಕಿಗಳು ‘ಎಷ್ಟ ಸಾವಿರ ವರ್ಷದ್ದರಿ ಇದು?’ ಎಂದರೆ ಸಾಬರ ಸಿಟ್ಟು ನೆತ್ತಿಗೇರುತ್ತದೆ. ‘ಕಲ್ಲಿನ ವಯಸ್ಸು ಯಾರಿಗೆ ಬೇಕ್ರಿ? ಕೂಸಿನ ವಯಸ್ಸು ಕೇಳ್ರಿ. ಹಾಲಹಲ್ಲ ಐತಿ, ಇನ್ನೂ ಸವದಿಲ್ಲ. ಆಗಷ್ಟ ಹುಲ್ಲ ತಿನ್ನಾಕ ಕಲ್ತಿತ್ತು.’ ಮಕ್ಕಳನ್ನು ಕರೆತಂದವರಿಗೆ, ಬಿದ್ದ ಹಲ್ಲನ್ನು ಮಾಳಿಗೆಯ ಮೇಲೆ ಒಗೆಯಿರಿ, ಇಲ್ಲದಿದ್ದರೆ ಹೊಸದು ಬರುವುದಿಲ್ಲ ಎಂದು ತಪ್ಪದೆ ಹೇಳುತ್ತಾರೆ. ಆದರೆ ದಿನವೂ ಅಂಗಡಿ ಮುಚ್ಚುವ ಮುನ್ನ ಆ ದವಡೆಯನ್ನೆತ್ತಿ, ಅದರ ಕೆಳಗಿನ ಸಣ್ಣ ಡಬ್ಬಿ ತೆರೆದು ನೋಡುತ್ತಾರೆ. ಅದರಲ್ಲಿ, ಆರನೇ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡ ಮಗಳು ಸಿಮ್ರಾನಳ ಹಲ್ಲಿದೆ. ಅದು ಬಿದ್ದ ದಿನ ಹಾಸಿಗೆಯಲ್ಲೇ ಮಲಗಿ ಹೇಳಿದ್ದಳು: ‘ಅಬ್ಬಾ, ನೀ ಒಗೀಬ್ಯಾಡ. ಆರಾಮಾದ ಮ್ಯಾಲೆ ನಾನ ಒಗೀತೇನಿ.’