ಮುನಿಯಲ್ಲಮ್ಮ ನೋಡಿದ ಆಸಿಡ್

ಬೆಳಿಗ್ಗೆ ಏಳು ಗಂಟೆ. ಕೋಲಾರದ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮುನಿಯಲ್ಲಮ್ಮ ಒಬ್ಬರೇ ಇದ್ದಾರೆ. ನೆಲ ಗುಡಿಸಿ, ಕೈ ತೊಳೆದು, ಕಿಟಕಿ ಪಕ್ಕದ ಬ್ಯೂರೆಟ್ಟಿಗೆ, ಅಂದರೆ ಅಳತೆಯ ಗೆರೆಗಳಿರುವ ಗಾಜಿನ ಕೊಳವೆಗೆ, ನೀರು ಬೆರೆಸಿದ ಆಸಿಡ್ ತುಂಬುತ್ತಾರೆ. ಕೆಳಗಿನ ಫ್ಲಾಸ್ಕಿನಲ್ಲಿ ಅಳೆದು ಹಾಕಿದ ಸೋಡಾ ದ್ರಾವಣ, ಬಣ್ಣಕ್ಕೆ ಎರಡು ತೊಟ್ಟು ಮೀಥೈಲ್ ಆರೆಂಜ್. ಆಸಿಡ್ ಹನಿಹನಿಯಾಗಿ ಬೀಳುತ್ತದೆ. ಹಳದಿ ಕಿತ್ತಳೆಗೆ ತಿರುಗಿದ ಕೂಡಲೇ ನಲ್ಲಿ ನಿಲ್ಲಿಸುತ್ತಾರೆ. ಇಳಿದ ಆಸಿಡ್ ಹತ್ತು ಪಾಯಿಂಟ್ ಒಂದು ಮಿಲಿ. ಮೂರು ಸಲವೂ ಅಷ್ಟೇ ಬಂದರೆ ಮಾತ್ರ ಲೆಕ್ಕ ಹಾಕಿ, ಆಸಿಡ್‌ನ ನಿಜವಾದ ಸಾಂದ್ರತೆ ಬರೆದ ಚೀಟಿ ಬಾಟಲಿಗೆ ಅಂಟುತ್ತದೆ.

"ಟ್ಯೂಬ್‌ಲೈಟಲ್ಲಿ ಈ ಬಣ್ಣ ಮೋಸ ಮಾಡ್ತದೆ. ಅದಕ್ಕೇ ಬೆಳಕು ಹರಿದ ಮೇಲೇ ನೋಡೋದು," ಎನ್ನುತ್ತಾರೆ.

ದಾಖಲೆಯಲ್ಲಿ ಅವರು ಹೊರಗುತ್ತಿಗೆಯ ಕಸ ಗುಡಿಸುವವರು. ಕ್ಯಾಲನೂರಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿ. ಈ ಕೆಲಸ ಕಲಿಸಿದ ಲ್ಯಾಬ್ ಸಹಾಯಕ ಕಾಂತರಾಜ್ ನಿವೃತ್ತರಾಗಿ ಒಂಬತ್ತು ವರ್ಷವಾಯಿತು. ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಪೊರಕೆ ಹಿಡಿದವರೇ ಬ್ಯೂರೆಟ್ಟನ್ನೂ ಹಿಡಿಯುವಾಗ ಇನ್ನೊಬ್ಬರು ಯಾಕೆ ಬೇಕು!

ಕಳೆದ ವರ್ಷ ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಮುನಿಯಲ್ಲಮ್ಮ ರಜೆಯಲ್ಲಿದ್ದರು. ವಿಭಾಗದ ಮುಖ್ಯಸ್ಥ ಭೀಮರಾಜ್ ತಾವೇ ಆಸಿಡ್ ಬೆರೆಸಿ, ಪರೀಕ್ಷಿಸಿ ನೋಡದೆ, ಅಂದಾಜಿನ ಮೇಲೆ ಚೀಟಿ ಅಂಟಿಸಿದರು. ಆ ಆಸಿಡ್ ಬಳಸಿ ಕ್ಷಾರದ ಸಾಂದ್ರತೆ ಕಂಡುಹಿಡಿದ ಇಪ್ಪತ್ನಾಲ್ಕು ಮಕ್ಕಳ ಉತ್ತರವೂ ಒಂದೇ ರೀತಿ ತಪ್ಪಾಯಿತು.

"ಎಲ್ಲರೂ ಕಾಪಿ ಹೊಡ್ದಿದ್ದೀರ," ಎಂದು ಹೊರಗಿನಿಂದ ಬಂದ ಪರೀಕ್ಷಕ ನಂದಕುಮಾರ್ ಗದರಿದರು. ರಾಯಲ್ಪಾಡಿನ ವಿದ್ಯಾರ್ಥಿನಿ ತೇಜಸ್ವಿನಿ ಅಳತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಮುನಿಯಲ್ಲಮ್ಮನಿಗೆ ತಡೆಯಲಾಗಲಿಲ್ಲ.

"ಸಾರ್, ಮಕ್ಳದ್ದು ತಪ್ಪಿಲ್ಲ. ಆ ಆಸಿಡ್ ನೋಡಿ."

"ನಿನಗೇನಮ್ಮ ಗೊತ್ತು? ಹೋಗು," ಎಂದರು ಭೀಮರಾಜ್.

ಅವರು ಹೋಗಲಿಲ್ಲ. ಎಲ್ಲರೆದುರೇ ಬ್ಯೂರೆಟ್ ತುಂಬಿದರು. ಚೀಟಿಯ ಪ್ರಕಾರ ಹತ್ತು ಮಿಲಿ ಹಿಡಿಯಬೇಕಿದ್ದ ಕಡೆ ಹನ್ನೆರಡು ಹಿಡಿಯಿತು; ಆಸಿಡ್ ಚೀಟಿಯಲ್ಲಿ ಬರೆದದ್ದಕ್ಕಿಂತ ತೆಳುವಾಗಿತ್ತು. ಮೂರು ಸಲವೂ ಹನ್ನೆರಡು. ನಾಲ್ಕನೆಯದನ್ನು ನಂದಕುಮಾರ್ ತಾವೇ ಮಾಡಿದರು, ಹನ್ನೆರಡೇ. ಉತ್ತರಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿದರು. ಇಪ್ಪತ್ನಾಲ್ಕೂ ಮಕ್ಕಳು ಪಾಸು.

ವಾರದೊಳಗೆ ಕಚೇರಿಯಿಂದ ನೋಟಿಸ್ ಬಂತು. ತಪ್ಪು ಚೀಟಿ ಅಂಟಿಸಿದವರಿಗಲ್ಲ, ಮುನಿಯಲ್ಲಮ್ಮನಿಗೆ! ಅನುಮತಿಯಿಲ್ಲದೆ ರಾಸಾಯನಿಕ ಮುಟ್ಟಿದ್ದು ಅವರ ಅಪರಾಧವಂತೆ. ಅಲ್ಲಿಯವರೆಗಿನ ಎಂಟು ವರ್ಷ ಯಾರ ಅನುಮತಿಯಿಂದ ಮುಟ್ಟಿದ್ದರೆಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಹತ್ತೇ ದಿನ ಕಳೆದಿತ್ತು. "ಮುನಿಯಲ್ಲಮ್ಮ, ಸೋಮವಾರಕ್ಕೆ ಆಸಿಡ್ ರೆಡಿ ಮಾಡಮ್ಮ," ಎಂದು ಭೀಮರಾಜ್ ಏನೂ ಆಗಿಲ್ಲವೆಂಬಂತೆ ಹೇಳಿದರು.

"ಮುಟ್ಬೇಡ ಅಂತ ಬರ್ದು ಕೊಟ್ಟಿದ್ದೀರ ಸಾರ್. ಮುಟ್ಟು ಅಂತ್ಲೂ ಬರ್ದು ಕೊಡಿ."

ಎರಡು ದಿನ ಪ್ರಯೋಗಾಲಯದ ತರಗತಿಗಳು ನಡೆಯಲಿಲ್ಲ. ಮೂರನೆಯ ದಿನ ಸಹಿ, ಸೀಲು ಹಾಕಿದ ಆದೇಶ ಬಂತು. ಹುದ್ದೆ ಬದಲಾಗಿಲ್ಲ, ಸಂಬಳವೂ ಬದಲಾಗಿಲ್ಲ. ಮುನಿಯಲ್ಲಮ್ಮ ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸುತ್ತಾರೆ.

"ನನ್ನ ಹೆಸರಿನ ಮುಂದೆ ದ್ರಾವಣ ತಯಾರಿಕೆ ಅಂತ ಬರ್ದವ್ರೆ, ನೋಡಿ. ಗುಡಿಸೋದು ಅಂತ ಎಲ್ಲೂ ಇಲ್ಲ."