ಟಗರಿನ ಬೆನ್ನ ಮೇಲಿನ ಮ್ಯಾಂಗನೀಸ್

ಟಗರಿನ ಬೆನ್ನ ಮೇಲೆ ಕೆಮಿಸ್ಟ್ರಿ ಪಾಠ ಮಾಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಹೋದ ಭಾನುವಾರ ಮಾಡಿಬಂದೆ.

ಮದಕರಿಪುರದ ನನ್ನ ತಮ್ಮ ತಿಪ್ಪೇಸ್ವಾಮಿ ಕುರಿ ಸಾಕಿದ್ದಾನೆ. ತಳಿಗೆಂದು ಹೊರಕೆರೆದೇವಪುರದ ಈರಣ್ಣನವರ ಬಿಳಿ ಟಗರನ್ನು ಒಂದಷ್ಟು ದಿನದ ಮಟ್ಟಿಗೆ ತಂದಿದ್ದ. ಅದರ ಗೊರಸಿಗೆ ಹುಣ್ಣಾಯಿತು. ನೀರಿಗೆ ಚಿಟಿಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿ ಕಾಲು ತೊಳೆಯಿರಿ ಎಂದರು ಡಾಕ್ಟರು. ಕಾಲಿಗೆ ಒಳ್ಳೆಯದು ಮೈಗೆ ಕೆಟ್ಟದ್ದೇ? ನನ್ನ ತಮ್ಮ ಧಾರಾಳಿ. ಧಾರಾಳವಾಗಿ ಪುಡಿ ಸುರಿದು ತಲೆಸ್ನಾನವನ್ನೇ ಮಾಡಿಸಿದ. ಮೀಯುವಾಗ ನೇರಳೆಯಾಗಿದ್ದ ಟಗರು ಒಣಗುವಷ್ಟರಲ್ಲಿ ಕಂದು!

ವಾಪಸ್ ಒಯ್ಯಲು ಬಂದ ಈರಣ್ಣ ನೋಡಿದ್ದೇ ತಡ, ಇದು ನಮ್ಮದಲ್ಲ, ಬದಲಾಯಿಸಿದ್ದೀಯ, ಕಳ್ಳ ಅಂದುಬಿಟ್ಟರು. (ಮುಖ ನೋಡಿ ಗುರುತು ಹಿಡಿಯಬಾರದಿತ್ತೇ? ನಮ್ಮ ಪುಣ್ಯಾತ್ಮ ಮುಖವನ್ನೂ ಬಿಟ್ಟಿರಲಿಲ್ಲ.) ಅರ್ಧ ಊರು ಸೇರಿತು. ತಮ್ಮನ ಫೋನು ಬಂತು. "ಅಕ್ಕಾ, ಮಾನ ಹೋಗೈತೆ. ಬಂದು ಏನಾರ ಹೇಳು."

ನಾನು ದುರ್ಗದಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಹೇಳುವುದೇ ಕಸುಬು. ಹೋದವಳೇ ಶುರುಮಾಡಿದೆ. ಪರ್ಮಾಂಗನೇಟಿನ ಪ್ಲಸ್ಸು ಮೈನಸ್ಸುಗಳ ಒಟ್ಟು ಲೆಕ್ಕ ಸೊನ್ನೆ. ಪೊಟ್ಯಾಸಿಯಂ ಪ್ಲಸ್ ಒಂದು. ನಾಲ್ಕು ಆಕ್ಸಿಜನ್, ತಲಾ ಮೈನಸ್ ಎರಡು, ಅಲ್ಲಿಗೆ ಮೈನಸ್ ಎಂಟು. ಸರಿದೂಗಬೇಕಾದರೆ ಮ್ಯಾಂಗನೀಸ್ ಎಷ್ಟಿರಬೇಕು? ಪ್ಲಸ್ ಏಳು. ಆಗ ನೇರಳೆ. ಉಣ್ಣೆಗೆ ತಗುಲಿ ಅದು ಮ್ಯಾಂಗನೀಸ್ ಡೈಆಕ್ಸೈಡ್ ಆಯಿತು. ಅದರಲ್ಲಿ ಆಕ್ಸಿಜನ್ ಎರಡೇ. ಹಾಗಾಗಿ ಮ್ಯಾಂಗನೀಸ್ ಪ್ಲಸ್ ನಾಲ್ಕು. ಈಗ ಕಂದು. ಬದಲಾಗಿದ್ದು ಟಗರಲ್ಲ, ಆಕ್ಸಿಡೇಶನ್ ಸ್ಟೇಟ್!

ಊರು ನನ್ನನ್ನೇ ನೋಡಿತು. ನನ್ನ ಸೆಕೆಂಡ್ ಪಿಯು ಮಕ್ಕಳೂ ಹೀಗೇ ನೋಡುತ್ತಾರೆ.

ಕೊನೆಗೆ ನಿಂಬೆಹಣ್ಣು ತರಿಸಿ, ಟಗರಿನ ಬೆನ್ನಿಗೆ ಹಿಂಡಿ, ತೋಳು ಸೋಲುವ ತನಕ ಉಜ್ಜಿದೆ. ಮ್ಯಾಂಗನೀಸ್ ಪ್ಲಸ್ ಎರಡಕ್ಕೆ ಇಳಿಯಿತು. ಅದಕ್ಕೆ ಬಣ್ಣವೇ ಇಲ್ಲವೆನ್ನಬೇಕು. ಅಂಗೈಯಗಲ ಬಿಳಿ ಉಣ್ಣೆ ಕಂಡಿತು. ಈರಣ್ಣ ಮುಖವನ್ನೂ ಉಜ್ಜಿಸಿ ನೋಡಿ, ನಮ್ಮದೇ ಎಂದು ಒಪ್ಪಿದರು. ತಮ್ಮನಿಗೆ ಹೋದ ಜೀವ ಬಂತು.

ಅಷ್ಟಕ್ಕೇ ಎದ್ದು ಬರಬೇಕಿತ್ತು ನಾನು. ಈರಣ್ಣನವರಿಗೆ ಒಂದು ಡೌಟು: ಏಳು ಇದ್ದದ್ದು ನಾಲ್ಕು ಹೇಗಾಯಿತು? ಮೂರು ಎಲೆಕ್ಟ್ರಾನ್, ಅಂದರೆ ಮೂರು ಮೈನಸ್ಸು, ತೆಗೆದುಕೊಂಡಿತು ಎಂದೆ. ಎಲ್ಲಿಂದ? ನಿಮ್ಮ ಟಗರಿನ ಉಣ್ಣೆಯಿಂದ ಎಂದೆ. (ಬಾಯಿ ಸುಮ್ಮನಿರಬೇಕಲ್ಲ!)

ಅವರು ಟಗರಿನ ಬೆನ್ನನ್ನೊಮ್ಮೆ ಸವರಿ ನನ್ನತ್ತ ತಿರುಗಿದರು.

"ಹಂಗಾರೆ ಕಳುವಾಗಿದ್ದು ಖರೇನೇ ಆತಲ್ಲ, ಮೇಡಮ್ನೋರೆ. ನೀವೇ ಹೇಳಿದ್ರಿ, ಊರು ಕೇಳೈತೆ."

ತಮ್ಮನ ಮುಖ ಮತ್ತೆ ಇಳಿಯಿತು. ಈರಣ್ಣ ಟಗರಿನ ಕೊರಳು ತಬ್ಬಿ, ಎಷ್ಟು ಕಳಕೊಂಡೆಯಪ್ಪಾ ಎಂದು ಸಮಾಧಾನ ಮಾಡುತ್ತಾ ಗಾಡಿ ಹತ್ತಿಸಿದರು. ಅವರ ಕಣ್ಣಲ್ಲಿ ನೀರಿತ್ತು, ದೇವರಾಣೆಗೂ.

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಎಲೆಕ್ಟ್ರಾನ್ ಹೋಯಿತೆಂದು ಹೀಗೆ ಸಂಕಟಪಟ್ಟ ಒಬ್ಬ ವಿದ್ಯಾರ್ಥಿಯಾದರೂ ನನಗೆ ಸಿಕ್ಕಿದ್ದಾನೆಯೇ?