ಟವೆಲ್ಲಿನಡಿಯ ವ್ಯಾಪಾರ

ನಾನು ಬಿಬಿಎ ಓದಿದ್ದು ದೇವನಹಳ್ಳಿ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಚೌಕಾಸಿ ಕಲಿಸುವುದಕ್ಕೇ ಒಂದು ಕೋಣೆಯಿತ್ತು. ಸುತ್ತ ಗಾಜಿನ ಗೋಡೆ, ಎ.ಸಿ., ದುಂಡು ಮೇಜು, ಮೂಲೆಗೊಂದು ಕ್ಯಾಮೆರಾ. ಇಬ್ಬರು ಒಳಗೆ ಕೂತು ವ್ಯಾಪಾರ ಕುದುರಿಸಬೇಕು. ಆಮೇಲೆ ಅದನ್ನೇ ದೊಡ್ಡ ಪರದೆಯ ಮೇಲೆ ಹಾಕಿ, ಯಾರು ಎಲ್ಲಿ ಎಡವಿದರು ಎಂದು ತರಗತಿಯೆಲ್ಲ ಹುಳುಕು ಹುಡುಕಬೇಕು. ಸಂತೆಯಲ್ಲಿ ಪುಕ್ಕಟೆ ಸಿಗುವ ವಿದ್ಯೆಗೆ ಇಷ್ಟೊಂದು ಗಾಜು ಯಾಕೆ ಎಂದು ಮೊದಲ ದಿನವೇ ಅನಿಸಿತ್ತು. ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಪ್ಪನ ಕಸುಬು ಹೊರಬೀಳುತ್ತಿತ್ತು.

ಅಪ್ಪ ಕುಂದಾಣದ ಸುತ್ತಮುತ್ತ ದನದ ದಲ್ಲಾಳಿ. ನಾನು ಗೆಳೆಯರಿಗೆ ‘ಲಾಜಿಸ್ಟಿಕ್ಸ್’ ಎಂದಿದ್ದೆ. ಎತ್ತುಗಳನ್ನು ಟೆಂಪೋದಲ್ಲಿ ಸಾಗಿಸುತ್ತಿದ್ದನಲ್ಲ, ಪೂರ್ತಿ ಸುಳ್ಳೇನೂ ಅಲ್ಲ.

ಎರಡನೇ ವರ್ಷ ಮೇಡಂ ಹೊಸ ಕೆಲಸ ಕೊಟ್ಟರು: ವ್ಯಾಪಾರ ಬಲ್ಲ ಒಬ್ಬರನ್ನು ಮನೆಯಿಂದ ಕರೆತಂದು ಆ ಕೋಣೆಯಲ್ಲಿ ಕೂರಿಸಬೇಕು. ಮೊಬೈಲ್ ಅಂಗಡಿ ಇಟ್ಟಿದ್ದ ಮಾವನನ್ನು ಒಪ್ಪಿಸಿದ್ದೆ. ಆ ದಿನ ಬೆಳಿಗ್ಗೆ ಮಾವ ಜ್ವರ ಎಂದು ಮಲಗಿಬಿಟ್ಟ.

“ನಾನೇ ಬರ್ತೀನಿ ನಡಿಯೋ,” ಎಂದು ಅಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಬೈಕ್ ಹತ್ತಿಯೇಬಿಟ್ಟ. ಇವತ್ತು ಎಲ್ಲರೂ ಅಪ್ಪನನ್ನು ನೋಡಿ ನಗುತ್ತಾರೆ ಎಂದು ದಾರಿಯುದ್ದಕ್ಕೂ ನನಗೆ ಭಯ, ಅದಕ್ಕಿಂತ ಹೆಚ್ಚಾಗಿ ನಾಚಿಕೆ.

ಮೇಡಂ ಕೇಳುವ ಮೊದಲೇ ಅಪ್ಪ, “ನಾನು ದನದ ದಲ್ಲಾಳಿ ಮೇಡಂ,” ಎಂದು ಗಟ್ಟಿಯಾಗಿ ಹೇಳಿದ. ಎದುರಿಗೆ ಕೂತವರು ಸಹಪಾಠಿಯೊಬ್ಬಳ ತಾತ, ರಾಜಘಟ್ಟದಲ್ಲಿ ಎತ್ತು ಕಟ್ಟಿ ಬೇಸಾಯ ಮಾಡಿದವರು. ಮೇಡಂ ಖುಷಿಯಾಗಿ ಪರದೆಯ ಮೇಲೆ ಒಂದು ಜೊತೆ ಎತ್ತಿನ ಚಿತ್ರ ಹಾಕಿ, ಅಪ್ಪ ಮಾರಲಿ, ತಾತ ಕೊಳ್ಳಲಿ ಎಂದರು.

“ಹಲ್ಲು ನೋಡ್ದೆ ಹೆಂಗಮ್ಮ ತಗೊಳ್ಳೋದು?” ಎಂದರು ತಾತ. ತರಗತಿ ಗೊಳ್ಳೆಂದಿತು. ನಾನು ನೆಲ ನೋಡಿದೆ.

ಅಷ್ಟರಲ್ಲಿ ಅಪ್ಪ ತಾತನ ಕೈ ಹಿಡಿದು ಮೇಲೆ ಟವೆಲ್ ಹೊದಿಸಿಯಾಗಿತ್ತು. ಒಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಒಪ್ಪದಿದ್ದರೆ ಕೊಡವಿ ಬೇರೆ ಬೆರಳು ಹಿಡಿಯುವುದು. ಬಾಯಲ್ಲಿ ಮಾತ್ರ ಮಳೆ, ರಾಗಿ, ತಾತನ ಮಂಡಿನೋವು. ಐದು ನಿಮಿಷಕ್ಕೆ ತಾತ, “ಆಯ್ತು ಬಿಡಪ್ಪ,” ಎಂದು ಕೈ ತೆಗೆದರು.

ನಾಲ್ಕು ಕ್ಯಾಮೆರಾಗಳಿಗೂ ಸಿಕ್ಕಿದ್ದು ಒಂದು ಟವೆಲ್. ಮೇಡಂ ವಿಡಿಯೋವನ್ನು ಎರಡು ಸಲ ಓಡಿಸಿ ನೋಡಿ, ಸೋತು, “ಕೊನೆಗೆ ಎಷ್ಟಕ್ಕಾಯ್ತು?” ಎಂದು ಕೇಳಿದರು.

“ಅದು ನಮ್ಮಿಬ್ರ ಮಾತು ಮೇಡಂ. ಹೇಳ್ಬಿಟ್ರೆ ನಾಳೆ ನನ್ನ ಯಾರು ನಂಬ್ತಾರೆ?” ಎಂದ ಅಪ್ಪ.

ಯಾರೂ ನಗಲಿಲ್ಲ. ಮೇಡಂ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಟವೆಲ್ಲಿನೊಳಗೆ ಕೈಯಿಡಲು ಸಾಲೇ ನಿಂತಿತು. ಗೆಳೆಯನೊಬ್ಬ ನನ್ನ ಕಡೆ ತಿರುಗಿ, “ಲೇ, ಇಂಥಾ ಅಪ್ಪನ್ನ ಇಷ್ಟು ದಿನ ಮುಚ್ಚಿಟ್ಟಿದ್ಯಲ್ಲೋ! ನಿಂಗೂ ಬರುತ್ತಾ ಇದು?” ಎಂದ.

ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಆ ಕೈಯ ಅನ್ನ ಉಂಡು, ಒಂದು ದಿನವೂ ಕೇಳಿರಲಿಲ್ಲ. ಈ ಸಲ ನಾಚಿಕೆಯಾದದ್ದು ನನ್ನ ಬಗ್ಗೆಯೇ. ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

ಸರದಿ ಬಂದಾಗ, “ನಂಗೂ ಹೇಳ್ಕೊಡಪ್ಪ,” ಎಂದೆ, ಎಲ್ಲರಿಗೂ ಕೇಳುವಂತೆ.

“ಫೀಸು ಎಷ್ಟು ಕೊಡ್ತೀಯೋ?” ಎಂದು ಅಪ್ಪ ನಮ್ಮ ಕೈಗಳ ಮೇಲೆ ಟವೆಲ್ ಎಳೆದ.

ಯಾವ ಬೆರಳಿಗೆ ಎಷ್ಟು ಎಂದು ತಿಳಿಯದೆ ಐದನ್ನೂ ಹಿಡಿದುಕೊಂಡೆ. ಅಪ್ಪ ಕೈ ಕೊಡವಲಿಲ್ಲ.